ಹೊರಗಿನವರು ಕಡತ ಬಿಚ್ಚಿದಾಗ: ಟೆಕ್ಸಸ್‌ನ ಫಾಸ್ಟರ್ ಮಕ್ಕಳ ಪ್ರಕರಣ

2020ರ ಫೆಬ್ರವರಿ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಹ್ಯೂಸ್ಟನ್ ನಗರದ ಪಶ್ಚಿಮಕ್ಕೆ ವಾಲಿಸ್ ಅಂತ ಒಂದು ಸಣ್ಣ ಊರಿದೆ. ಅಲ್ಲೊಂದು ಮಕ್ಕಳ ವಸತಿ ಚಿಕಿತ್ಸಾ ಕೇಂದ್ರ ಇತ್ತು. ಅಲ್ಲಿದ್ದ 14 ವರ್ಷದ ಹುಡುಗಿಯೊಬ್ಬಳು ಕಾಲು ನೋಯುತ್ತಿದೆ ಅಂತ ವಾರಗಟ್ಟಲೆ ಹೇಳುತ್ತಿದ್ದಳು. ಒಂದು ದಿನ ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸೇರಿತ್ತು.

ಕಾಲು ನೋವು ಅಂದರೆ ಮನೆಯಲ್ಲಿ ತಾಯಿ ಏನು ಮಾಡುತ್ತಾಳೆ? ಕೂರಿಸಿಕೊಂಡು ಮುಟ್ಟಿ ನೋಡುತ್ತಾಳೆ. ಊದಿದೆಯಾ, ಬಿಸಿ ಇದೆಯಾ ಅಂತ ಕೇಳುತ್ತಾಳೆ. ಎರಡು ದಿನದಲ್ಲಿ ಕಡಿಮೆ ಆಗದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಈ ಹುಡುಗಿಗೆ ಹಾಗೆ ಮುಟ್ಟಿ ನೋಡುವ ಹೊಣೆ ಇದ್ದದ್ದು ಟೆಕ್ಸಸ್ ರಾಜ್ಯದ ಮೇಲೆ. ಕಾನೂನಿನ ಪ್ರಕಾರ ಅವಳ ಪೋಷಕ ಸರ್ಕಾರವೇ.

ಇಂಥ ಸಾವುಗಳು ಸಾಮಾನ್ಯವಾಗಿ ಇಲಾಖೆಯ ಒಂದು ಕಡತದಲ್ಲಿ ಮುಗಿದುಹೋಗುತ್ತವೆ. ಮಗುವಿನ ಗುರುತು ಹೊರಗೆ ಬರಬಾರದು ಅನ್ನುವ ನಿಯಮ ಇದೆ. ಅದು ಇರಬೇಕಾದದ್ದೇ. ಆದರೆ ಅದೇ ನಿಯಮದ ಮರೆಯಲ್ಲಿ ಯಾರು ಏನು ಮಾಡಲಿಲ್ಲ ಅನ್ನುವುದೂ ಮುಚ್ಚಿಹೋಗುತ್ತದೆ. ಈ ಹುಡುಗಿಯ ವಿಷಯದಲ್ಲಿ ಹಾಗಾಗಲಿಲ್ಲ. ನಾಲ್ಕು ತಿಂಗಳಲ್ಲಿ, 2020ರ ಜೂನ್‌ನಲ್ಲಿ, ಅವಳ ಕಾಲು ನೋವಿನ ಕಥೆ ಯಾರು ಬೇಕಾದರೂ ಓದಬಹುದಾದ ವರದಿಯೊಂದರಲ್ಲಿ ಬಂತು. ಹೆಸರಿಲ್ಲ. ಆದರೆ ನಡೆದದ್ದೆಲ್ಲ ಇದೆ. ಬರೆದವರು ಇಲಾಖೆಯವರಲ್ಲ. ಕೋರ್ಟು ನೇಮಿಸಿದ, ಇಲಾಖೆಗೆ ಸಂಬಂಧವೇ ಇಲ್ಲದ ಇಬ್ಬರು ಮತ್ತು ಅವರ ತಂಡ.

ಆ ಇಬ್ಬರು ಅಲ್ಲಿಗೆ ಬಂದು ನಿಲ್ಲುವುದಕ್ಕೆ ಕೇಸು ಹಾಕಿದ ಮೇಲೆ ಎಂಟು ವರ್ಷ ಬೇಕಾಯಿತು. ಆ ಎಂಟು ವರ್ಷದ್ದೂ, ಆಮೇಲಿನದ್ದೂ ಸೇರಿದ ಪ್ರಕರಣ ಇದು.

ಫಾಸ್ಟರ್ ಕೇರ್ ಅಂದರೆ

ಮನೆಯಲ್ಲಿ ಹೊಡೆತ ಬಡಿತ, ನಿರ್ಲಕ್ಷ್ಯ, ಲೈಂಗಿಕ ದೌರ್ಜನ್ಯ ಇದ್ದಾಗ ಸರ್ಕಾರ ಮಗುವನ್ನು ಅಲ್ಲಿಂದ ತೆಗೆದುಕೊಂಡು ಬೇರೆ ಕುಟುಂಬದ ಹತ್ತಿರ ಬಿಡುತ್ತದೆ. ಆ ಕುಟುಂಬಕ್ಕೆ ತರಬೇತಿ, ಲೈಸೆನ್ಸ್, ತಿಂಗಳ ಖರ್ಚು ಎಲ್ಲ ಇರುತ್ತದೆ. ಇದೇ ಫಾಸ್ಟರ್ ಕೇರ್. ದತ್ತು ಅಲ್ಲ, ಅನಾಥಾಲಯವೂ ಅಲ್ಲ. ಹೇಳಬೇಕು ಅಂದರೆ ತಾತ್ಕಾಲಿಕ ಸಾಕು ಮನೆ. ಮನೆ ಸಿಗದ ಮಕ್ಕಳು, ಜಾಸ್ತಿ ಆರೈಕೆ ಬೇಕಾದ ಮಕ್ಕಳು ಗುಂಪು ಮನೆಗಳಿಗೆ ಅಥವಾ ವಾಲಿಸ್‌ನಲ್ಲಿ ಇದ್ದಂಥ ಚಿಕಿತ್ಸಾ ಕೇಂದ್ರಗಳಿಗೆ ಹೋಗುತ್ತಾರೆ.

ಟೆಕ್ಸಸ್‌ನಲ್ಲಿ ಇದಕ್ಕೆ ಎರಡು ಹಂತ ಇವೆ. ಮೊದಲನೆಯದು ತಾತ್ಕಾಲಿಕ ಪಾಲನೆ. ಅದಕ್ಕೆ ಒಂದು ವರ್ಷದ ಗಡುವು, ಕೆಲವು ಸಲ ಇನ್ನಾರು ತಿಂಗಳು. ಆ ಅವಧಿಯಲ್ಲಿ ಮಗು ಮನೆಗೆ ಮರಳಬೇಕು, ಇಲ್ಲವೇ ದತ್ತು ಹೋಗಬೇಕು, ಇಲ್ಲವೇ ಸಂಬಂಧಿಕರ ಕೈ ಸೇರಬೇಕು. ಗಡುವು ಇರುವುದರಿಂದ ಎಲ್ಲರಿಗೂ ಅವಸರ. ಮಗುವಿಗೆ ವಕೀಲರು ಇರುತ್ತಾರೆ, ಕೋರ್ಟಿನಲ್ಲಿ ದಿನಾಂಕಗಳು ಇರುತ್ತವೆ. ಮೂರೂ ಆಗದೇ ಗಡುವು ಮುಗಿದರೆ ಮಗು ಎರಡನೇ ಹಂತಕ್ಕೆ, ಅಂದರೆ ರಾಜ್ಯದ ಶಾಶ್ವತ ಪಾಲನೆಗೆ ಬೀಳುತ್ತದೆ. ಅಲ್ಲಿ ಅವಸರ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಕೋರ್ಟು ಆರು ತಿಂಗಳಿಗೊಮ್ಮೆ ನೋಡುತ್ತದೆ. ನಿನ್ನೆಯವರೆಗೆ ನಾಲ್ಕು ಜನ ಕೇಳುತ್ತಿದ್ದ ಮಗುವನ್ನು ಇವತ್ತು ಕೇಳುವವರು ಕಡಿಮೆ. ಮಗು ಅದೇ, ಅದರ ಕಷ್ಟವೂ ಅದೇ.

ಮೊಕದ್ದಮೆ ಹುಟ್ಟಿದ್ದು ಈ ಎರಡನೇ ಹಂತದ ಮಕ್ಕಳಿಗಾಗಿ. ಆಗ ಅಂಥವರು ಸುಮಾರು 12,000 ಮಂದಿ ಇದ್ದರು. 2011ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಚಿಲ್ಡ್ರನ್ಸ್ ರೈಟ್ಸ್ ಎಂಬ ಸಂಸ್ಥೆ ಮತ್ತು ಟೆಕ್ಸಸ್‌ನ ಕೆಲವು ವಕೀಲರು ಸೇರಿ ಕಾರ್ಪಸ್ ಕ್ರಿಸ್ಟಿಯ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿದರು. ಮುಂದೆ ನಿಂತದ್ದು ಕೆಲವೇ ಮಕ್ಕಳು, ಅದೂ ಹೆಸರಿನ ಮೊದಲ ಅಕ್ಷರಗಳಲ್ಲಿ ಮಾತ್ರ. ಎಂ.ಡಿ. ಎನ್ನುವ ಹುಡುಗಿಯಿಂದ ಕೇಸಿಗೆ ಹೆಸರು ಬಂತು. ಎದುರು ಪಕ್ಷ ಆಗಿನ ಗವರ್ನರ್ ರಿಕ್ ಪೆರಿ, ಆಮೇಲೆ ಗ್ರೆಗ್ ಅಬಟ್. ವಾದ ಇಷ್ಟೇ: ಮಗುವನ್ನು ಅಪಾಯದ ಮನೆಯಿಂದ ತಂದವರು ನೀವು. ತಂದ ಮೇಲೆ ಅದಕ್ಕಿಂತ ದೊಡ್ಡ ಅಪಾಯಕ್ಕೆ ದೂಡುವ ಹಕ್ಕು ನಿಮಗಿಲ್ಲ. ಕಾನೂನು ಕ್ರಮ ಇಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ರಾಜ್ಯ ಕಸಿಯಬಾರದು ಅನ್ನುವ ಅಮೆರಿಕ ಸಂವಿಧಾನದ 14ನೇ ತಿದ್ದುಪಡಿ ಅದನ್ನು ಒಪ್ಪುವುದಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಹೊತ್ತಿಗೆ ಟೆಕ್ಸಸ್‌ನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ ಅಂತಲ್ಲ. 2004ರಲ್ಲಿ ರಾಜ್ಯದ್ದೇ ಚುನಾಯಿತ ಹಣಕಾಸು ಅಧಿಕಾರಿ, ಕಂಪ್ಟ್ರೋಲರ್ ಕ್ಯಾರೊಲ್ ಕೀಟನ್ ಸ್ಟ್ರೇಹಾರ್ನ್, ಈ ವ್ಯವಸ್ಥೆಯ ಮೇಲೆ ಕಟುವಾದ ವರದಿ ಕೊಟ್ಟಿದ್ದರು. ಮಕ್ಕಳಿದ್ದ ಜಾಗಗಳ ಫೋಟೊಗಳೂ ಅದರಲ್ಲಿದ್ದವು. ಅದಕ್ಕೆ ಮೊದಲೂ ಸಮಿತಿಗಳು ಬಂದು ಹೋಗಿದ್ದವು. ಅವರೆಲ್ಲ ಬರೆದರು, ಒಪ್ಪಿಸಿದರು, ಹೋದರು. ಮತ್ತೆ ಬಂದು 'ನಾವು ಬರೆದದ್ದು ಏನಾಯಿತು?' ಅಂತ ಕೇಳುವ ಅಧಿಕಾರ ಅವರಿಗೆ ಇರಲಿಲ್ಲ. ಈ ಪ್ರಕರಣ ಹಿಂದಿನವುಗಳಿಗಿಂತ ಬೇರೆಯಾಗುವುದು ಆ ಒಂದು ಅಂಶದಲ್ಲಿ ಅಂತ ನನಗೆ ಅನಿಸುತ್ತದೆ.

ಕೋರ್ಟಿನಲ್ಲಿ ಕಂಡದ್ದು

ಕೇಸು ಹೋದದ್ದು ನ್ಯಾಯಾಧೀಶೆ ಜಾನಿಸ್ ಗ್ರಹಾಂ ಜ್ಯಾಕ್ ಅವರ ಮುಂದೆ. ಅವರು ಕಾನೂನು ಓದುವ ಮೊದಲು ನರ್ಸ್ ಆಗಿದ್ದವರು. 2005ರಲ್ಲಿ ಸಿಲಿಕೋಸಿಸ್ ರೋಗದ ಸಾವಿರಾರು ದಾವೆಗಳು ಅವರ ಮುಂದೆ ಬಂದಿದ್ದವು. ಆಗ ಡಾಕ್ಟರುಗಳ ರೋಗಪತ್ರಗಳನ್ನು ಒಂದೊಂದಾಗಿ ಓದಿ, ಎಷ್ಟೋ ರೋಗನಿರ್ಣಯಗಳು ನಂಬಲಾಗದವು ಅಂತ ತೋರಿಸಿಕೊಟ್ಟಿದ್ದರು. ಕಾಗದವನ್ನು ಕೊನೆಯವರೆಗೆ ಓದುವವರು ಅಂತ ಹೆಸರು. ಈ ಕೇಸಿಗೆ ಬೇಕಾದದ್ದೂ ಅದೇ. ಹತ್ತಾರು ಮನೆ ಬದಲಾಯಿಸಿದ ಒಂದು ಮಗುವಿನ ಕಡತವೇ ಸಾವಿರಾರು ಪುಟ ಇರುತ್ತದೆ.

2014ರ ಡಿಸೆಂಬರ್‌ನಲ್ಲಿ ಎರಡು ವಾರ ವಿಚಾರಣೆ ನಡೆಯಿತು. 2015ರ ಡಿಸೆಂಬರ್ 17ಕ್ಕೆ 250 ಪುಟ ದಾಟಿದ ತೀರ್ಪು ಬಂತು. ಈ ವ್ಯವಸ್ಥೆ ಮುರಿದುಬಿದ್ದು ದಶಕಗಳೇ ಆಗಿವೆ, ಇದರಿಂದ ಹೊರಬರುವ ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಒಳಗೆ ಬಂದಾಗ ಇದ್ದದ್ದಕ್ಕಿಂತ ಜಾಸ್ತಿ ಪೆಟ್ಟು ತಿಂದೇ ಹೊರಡುತ್ತಾರೆ ಅಂತ ಅವರು ಬರೆದರು.

ಆ ತೀರ್ಪಿನಲ್ಲಿ ನನ್ನನ್ನು ತುಂಬಾ ಕಾಡಿದ್ದು 'ಐ ಸೀ ಯೂ' ಕೆಲಸಗಾರರ ವಿಷಯ. ಟೆಕ್ಸಸ್ ಬಹಳ ದೊಡ್ಡ ರಾಜ್ಯ. ಮಗುವಿನ ಊರು ಒಂದು ಮೂಲೆ, ಅದಕ್ಕೆ ಜಾಗ ಸಿಕ್ಕಿದ್ದು ನೂರಾರು ಮೈಲಿ ಆಚೆ ಇನ್ನೊಂದು ಮೂಲೆ. ಮಗುವಿನ ಜವಾಬ್ದಾರಿ ಹೊತ್ತ ಕೇಸ್‌ವರ್ಕರ್ ಊರಿನಲ್ಲೇ ಇರುತ್ತಾರೆ. ಪ್ರತಿ ತಿಂಗಳು ಅಷ್ಟು ದೂರ ಹೋಗಿ ನೋಡಲು ಆಗುವುದಿಲ್ಲ. ಅದಕ್ಕೆ ಮಗು ಇರುವ ಕಡೆಯ ಇನ್ನೊಬ್ಬ ಕೆಲಸಗಾರ ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಾರೆ. ಇಲಾಖೆಯೊಳಗೆ ಅವರಿಗೆ ಇದ್ದ ಹೆಸರೇ 'ಐ ಸೀ ಯೂ', ನಿನ್ನನ್ನು ನೋಡಿದೆ ಅಂತ. ನೋಡಿದ್ದು ದಾಖಲೆಯಲ್ಲಿ ಸೇರುತ್ತದೆ. ಆದರೆ ಮಗುವಿಗೆ ಆ ಮನುಷ್ಯ ಯಾರೋ ಗೊತ್ತಿಲ್ಲ. ಮುಂದಿನ ತಿಂಗಳು ಅದೇ ಮನುಷ್ಯ ಬರುತ್ತಾರೆ ಅಂತಲೂ ಇಲ್ಲ. ಯೋಚಿಸಿ ನೋಡಿ. ರಾತ್ರಿ ಪಕ್ಕದ ಹಾಸಿಗೆಯ ದೊಡ್ಡ ಹುಡುಗ ತನಗೆ ಏನು ಮಾಡಿದ ಅನ್ನುವುದನ್ನು ಹತ್ತು ವರ್ಷದ ಮಗು ಯಾರ ಹತ್ತಿರ ಹೇಳುತ್ತದೆ? ಗುರುತಿಲ್ಲದವರ ಹತ್ತಿರ ಖಂಡಿತ ಹೇಳುವುದಿಲ್ಲ. 'ಹೇಗಿದ್ದೀಯ?' ಅಂದರೆ 'ಚೆನ್ನಾಗಿದ್ದೀನಿ' ಅನ್ನುತ್ತದೆ. ಅದೇ ಬರೆಯಲ್ಪಡುತ್ತದೆ.

ಕೇಸ್‌ವರ್ಕರ್‌ಗಳನ್ನು ಬೈಯಲು ನನಗೆ ಮನಸ್ಸಿಲ್ಲ. 2014ರಲ್ಲಿ ಸರ್ಕಾರವೇ ಮಾಡಿಸಿದ ಅಧ್ಯಯನವೊಂದು ಅವರ ಸಮಯದಲ್ಲಿ ಬರೀ 26 ಶೇಕಡಾ ಮಾತ್ರ ಮಕ್ಕಳ ಮತ್ತು ಕುಟುಂಬಗಳ ಜೊತೆ ಕಳೆಯುತ್ತದೆ ಅಂತ ಹೇಳಿತ್ತು. ಉಳಿದದ್ದು ಕಂಪ್ಯೂಟರ್, ಕಾಗದ, ಕಾರು ಪ್ರಯಾಣ. ಕೆಲಸಕ್ಕೆ ಸೇರಿದವರು ಬೇಗ ಬಿಟ್ಟು ಹೋಗುತ್ತಿದ್ದರು. ಅವರ ಮಕ್ಕಳು ಉಳಿದವರ ಲೆಕ್ಕಕ್ಕೆ ಸೇರುತ್ತಿದ್ದರು. ಆಗ ಅವರೂ ಬಿಡುತ್ತಿದ್ದರು.

ಇನ್ನೊಂದು ಸಂಗತಿ. ಒಂದು ಮಗು ಇನ್ನೊಂದು ಮಗುವಿನ ಮೇಲೆ ಮಾಡುವ ದೌರ್ಜನ್ಯವನ್ನು ಇಲಾಖೆ ಒಂದು ಕಡೆ ಎಣಿಸಿ ಇಡುತ್ತಲೇ ಇರಲಿಲ್ಲ. ಅದು 'ಮೇಲ್ವಿಚಾರಣೆಯ ನಿರ್ಲಕ್ಷ್ಯ' ಅನ್ನುವ ದೊಡ್ಡ ಚೀಲದೊಳಗೆ ಹೋಗಿ ಬೀಳುತ್ತಿತ್ತು. ಎಷ್ಟು ಮಕ್ಕಳಿಗೆ, ಯಾವ ಕೇಂದ್ರದಲ್ಲಿ, ಎಷ್ಟು ಸಲ ಅಂತ ಕೇಳಿದರೆ ಉತ್ತರ ಇಲ್ಲ. ಲೆಕ್ಕ ಇಲ್ಲದ ಮೇಲೆ ಸಮಸ್ಯೆಯೂ ಇಲ್ಲ ಅಂತಾಗುತ್ತದೆ ಅಲ್ವಾ? ತನಿಖೆಗಳದ್ದೂ ಅದೇ ಹಾಡು. 'ನಿರ್ಧರಿಸಲು ಆಗಲಿಲ್ಲ' ಅಂತ ಮುಚ್ಚಿದ ತನಿಖೆಗಳನ್ನು ಇಲಾಖೆಯದ್ದೇ ಇನ್ನೊಂದು ಘಟಕ ಮರುಪರಿಶೀಲಿಸಿದಾಗ ಬಹಳಷ್ಟು ತಪ್ಪಾಗಿ ಮುಚ್ಚಿದವು ಅಂತ ಗೊತ್ತಾಗಿತ್ತು. ಒಳಗಿನವರೇ ಕಂಡುಹಿಡಿದದ್ದು ಒಳಗೇ ಉಳಿದಿತ್ತು.

ಮೇಲ್ಮನವಿ, ಮತ್ತು ಉಳಿದುಕೊಂಡದ್ದು

ರಾಜ್ಯ ಮೇಲ್ಮನವಿ ಹೋಯಿತು. 2018ರ ಜನವರಿಯಲ್ಲಿ ಜ್ಯಾಕ್ ಅವರು ಕೊಟ್ಟ ಅಂತಿಮ ಆದೇಶ ಬಹಳ ಅಗಲವಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫಿಫ್ತ್ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಅದರಲ್ಲಿ ಸಾಕಷ್ಟನ್ನು ಕತ್ತರಿಸಿತು. ಸಂವಿಧಾನ ಕೇಳುವುದು ಕನಿಷ್ಠ ಸುರಕ್ಷೆ, ಒಳ್ಳೆಯ ವ್ಯವಸ್ಥೆ ಕಟ್ಟುವುದು ಕೋರ್ಟಿನ ಕೆಲಸವಲ್ಲ ಎಂಬುದು ಅವರ ನಿಲುವು. ಆದರೆ ಎರಡು ವಿಷಯದಲ್ಲಿ ಮೇಲಿನ ಕೋರ್ಟೂ ಒಪ್ಪಿತು. ಒಂದು, ಕೇಸ್‌ವರ್ಕರ್‌ಗಳ ಮೇಲಿನ ಹೊರೆ. ಎರಡು, ಲೈಸೆನ್ಸ್ ಪಡೆದ ಮನೆಗಳ ಮೇಲಿನ ನಿಗಾ ಮತ್ತು ದೂರುಗಳ ತನಿಖೆ. ಅಪಾಯ ಗೊತ್ತಿದ್ದೂ ರಾಜ್ಯ ಬೇಕೆಂದೇ ಅದನ್ನು ಲಕ್ಷಿಸಲಿಲ್ಲ ಅಂತ ಹೇಳಿತು. 2019ರ ಜುಲೈನಲ್ಲಿ ಇನ್ನೊಂದು ಸುತ್ತು ಕತ್ತರಿಸಿ, ಉಳಿದ ಆದೇಶ ಜಾರಿಗೆ ಬಂತು.

ಉಳಿದದ್ದರಲ್ಲಿ ಮುಖ್ಯವಾದವು ಹೀಗಿದ್ದವು. ಒಬ್ಬ ಕೇಸ್‌ವರ್ಕರ್‌ಗೆ ಎಷ್ಟು ಮಕ್ಕಳು ಅನ್ನುವ ಅಳತೆ; ಆಮೇಲೆ ಎರಡೂ ಕಡೆಯವರು 14ರಿಂದ 17 ಅಂತ ಒಪ್ಪಿಕೊಂಡರು. ದೂರು ಬಂದರೆ ಇಂತಿಷ್ಟು ಗಂಟೆಯೊಳಗೆ ಮಗುವನ್ನು ಮುಖತಃ ನೋಡಬೇಕು. ಆರಕ್ಕಿಂತ ಜಾಸ್ತಿ ಮಕ್ಕಳಿರುವ ಮನೆಯಲ್ಲಿ ರಾತ್ರಿಯಿಡೀ ಎಚ್ಚರ ಇರುವ ಒಬ್ಬ ದೊಡ್ಡವರು ಇರಬೇಕು. ಐದು ವರ್ಷದಿಂದ ತಪ್ಪುಗಳ ಸರಮಾಲೆ ಇರುವ ಕೇಂದ್ರಗಳ ಮೇಲೆ ವಿಶೇಷ ನಿಗಾ. ಮತ್ತು ಇದೆಲ್ಲ ನಡೆಯುತ್ತಿದೆಯಾ ಅಂತ ನೋಡಿ ಕೋರ್ಟಿಗೆ ಬರೆಯಲು ಇಬ್ಬರು ಮಾನಿಟರ್‌ಗಳು. ಒಬ್ಬರು ಟೆಕ್ಸಸ್ ಆ್ಯಪಲ್‌ಸೀಡ್ ಸಂಸ್ಥೆಯ ಡೆಬೊರಾ ಫೌಲರ್. ಇನ್ನೊಬ್ಬರು ಕೆವಿನ್ ರಯನ್, ನ್ಯೂಜೆರ್ಸಿಯಲ್ಲಿ ಮೊದಲು ಮಕ್ಕಳ ಪರ ಸ್ವತಂತ್ರ ಅಧಿಕಾರಿಯಾಗಿದ್ದು, ಆಮೇಲೆ ಅದೇ ರಾಜ್ಯದ ಮಕ್ಕಳ ಇಲಾಖೆಯನ್ನೇ ನಡೆಸಿದವರು. ಕುರ್ಚಿಯ ಎರಡೂ ಕಡೆ ಕೂತು ಬಂದ ಅನುಭವ ಅವರಿಗಿತ್ತು.

ಟೆಕ್ಸಸ್‌ನಲ್ಲಿ ದೂರು ಕೇಳುವವರು ಮೊದಲೇ ಇದ್ದರು. 2015ರಲ್ಲಿ ಶಾಸನ ಸಭೆಯೇ ಫಾಸ್ಟರ್ ಮಕ್ಕಳಿಗಾಗಿ ಒಂದು ಒಂಬುಡ್ಸ್‌ಮನ್ ಹುದ್ದೆ ಮಾಡಿತ್ತು. ಒಳ್ಳೆಯ ಕೆಲಸವೇ. ಆದರೆ ಅವರ ಕಚೇರಿ ಇದ್ದದ್ದು ಆರೋಗ್ಯ ಮತ್ತು ಮಾನವ ಸೇವೆಗಳ ಆಯೋಗದ ಒಳಗೆ, ಅದೇ ಸರ್ಕಾರದ ಛಾವಣಿಯ ಕೆಳಗೆ. ಮಾನಿಟರ್‌ಗಳು ಮಕ್ಕಳ ಹತ್ತಿರ ಕೂತು ಮಾತಾಡಿದಾಗ, ದೂರು ಕೊಡುವ ಹಾಟ್‌ಲೈನ್ ಒಂದಿದೆ, ಒಂಬುಡ್ಸ್‌ಮನ್ ಒಬ್ಬರಿದ್ದಾರೆ ಅನ್ನುವುದೇ ಎಷ್ಟೋ ಮಕ್ಕಳಿಗೆ ಗೊತ್ತಿರಲಿಲ್ಲ.

ನಿಗಾ ಅಂದರೆ ಏನು ಮಾಡುತ್ತಾರೆ

ವರದಿಗಳನ್ನು ಓದುವಾಗ ನನಗೆ ಹಿಡಿಸಿದ್ದು ಅವರ ಕೆಲಸದ ರೀತಿ. ಇಲಾಖೆ ಕೊಟ್ಟ ಅಂಕಿಗಳನ್ನು ತೆಗೆದುಕೊಂಡು ಸುಮ್ನೆ ಕೂಡಲಿಲ್ಲ. ಇಲಾಖೆಯ ಕಂಪ್ಯೂಟರ್ ದಾಖಲೆಗಳನ್ನೇ ತೆಗೆದು ಓದಿದರು. ಮುಚ್ಚಿದ ತನಿಖೆಗಳನ್ನು ಮತ್ತೆ ಬಿಚ್ಚಿ, ಈ ಸಾಕ್ಷಿ ಇಟ್ಟುಕೊಂಡು ಈ ತೀರ್ಮಾನಕ್ಕೆ ಬರಬಹುದಾ ಅಂತ ಕೇಳಿದರು. ಹೇಳದೆ ಕೇಳದೆ ಕೇಂದ್ರಗಳಿಗೆ ಹೋದರು.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. 'ಅಟ್ಯಾಚ್‌ಮೆಂಟ್ ಎ' ಅನ್ನುವ ಒಂದು ಫಾರಂ ಇದೆ. ಮಗುವಿನ ಮೇಲೆ ಹಿಂದೆ ಲೈಂಗಿಕ ದೌರ್ಜನ್ಯ ಆಗಿದ್ದರೆ, ಅಥವಾ ಮಗುವೇ ಇನ್ನೊಬ್ಬರ ಮೇಲೆ ಹಾಗೆ ನಡೆದುಕೊಂಡಿದ್ದರೆ, ಅದನ್ನು ಹೊಸ ಮನೆಯವರಿಗೆ ತಿಳಿಸಿ ಸಹಿ ಹಾಕಿಸಿಕೊಳ್ಳುವ ಹಾಳೆ. ಇಂಥ ಮಗುವನ್ನು ಯಾವ ಕೋಣೆಯಲ್ಲಿ ಮಲಗಿಸಬೇಕು, ಯಾರ ಜೊತೆ ಮಲಗಿಸಬಾರದು ಅನ್ನುವುದು ಇದರ ಮೇಲೆ ನಿಂತಿದೆ. ಇಲಾಖೆ 'ಎಲ್ಲರಿಗೂ ತಿಳಿಸುತ್ತೇವೆ' ಅನ್ನುತ್ತದೆ. ಮಾನಿಟರ್ ತಂಡ ಕೇಂದ್ರಕ್ಕೆ ಹೋಗಿ ಮಗುವಿನ ಫೈಲು ತೆಗೆಸಿ ಆ ಹಾಳೆ ಇದೆಯಾ, ಸಹಿ ಇದೆಯಾ ಅಂತ ನೋಡುತ್ತದೆ. ಆಮೇಲೆ ರಾತ್ರಿ ಪಾಳಿಯಲ್ಲಿ ಇರುವವರನ್ನೇ 'ಈ ಮಗುವಿನ ಬಗ್ಗೆ ನಿಮಗೆ ಗೊತ್ತಾ?' ಅಂತ ಕೇಳುತ್ತದೆ. ಹಾಳೆ ಕಚೇರಿಯ ಕಪಾಟಿನಲ್ಲಿದ್ದು ರಾತ್ರಿ ಪಾಳಿಯವರಿಗೆ ಗೊತ್ತಿಲ್ಲದಿದ್ದರೆ ಆ ಸಹಿಯಿಂದ ಏನು ಬಂತು?

ರಾತ್ರಿ ಎಚ್ಚರದ ಆದೇಶಕ್ಕೇ ಮೊದಲ ಜಟಾಪಟಿ ನಡೆಯಿತು. ಪಾಲಿಸಿದ್ದೇವೆ ಅಂತ ರಾಜ್ಯ ಹೇಳಿತ್ತು. ಮಾನಿಟರ್‌ಗಳು ಹೋಗಿ ನೋಡಿದಾಗ ಹಾಗಿರಲಿಲ್ಲ. 2019ರ ನವೆಂಬರ್‌ನಲ್ಲಿ ಜ್ಯಾಕ್ ಅವರು ನ್ಯಾಯಾಂಗ ನಿಂದನೆ ಅಂತ ತೀರ್ಮಾನಿಸಿ ದಿನಕ್ಕೆ 50,000 ಡಾಲರ್ ದಂಡ ಹಾಕಿದರು. ಮೂರೇ ದಿನ. 1,50,000 ಡಾಲರ್ ಕಟ್ಟುವಷ್ಟರಲ್ಲಿ ಆದೇಶ ಪಾಲನೆಯಾಯಿತು. ಅಷ್ಟು ವರ್ಷ ಆಗದ ಕೆಲಸ.

2020ರ ಜೂನ್‌ನ ಮೊದಲ ದೊಡ್ಡ ವರದಿ 300 ಪುಟ ದಾಟಿತ್ತು. 2019ರ ಜುಲೈ ಕೊನೆಯಿಂದ 2020ರ ಏಪ್ರಿಲ್ ಕೊನೆಯವರೆಗೆ ರಾಜ್ಯದ ಪಾಲನೆಯಲ್ಲಿ 11 ಮಕ್ಕಳು ತೀರಿಕೊಂಡಿದ್ದರು. ಎಲ್ಲ ಸಾವಿಗೂ ನಿರ್ಲಕ್ಷ್ಯವೇ ಕಾರಣ ಅಂತ ಅಲ್ಲ. ಆದರೆ ಒಂದೊಂದನ್ನೂ ಕೂಡಿಸಿಟ್ಟು ನೋಡಿದವರು ಇವರೇ. ವಾಲಿಸ್‌ನ ಹುಡುಗಿಯ ಸಾವು ಅದರಲ್ಲಿ ಒಂದು. ಅವಳ ಕಥೆಯನ್ನು ಕಾಲು ನೋವಿಗೇ ಅವರು ನಿಲ್ಲಿಸಲಿಲ್ಲ. ಅದೇ ಕೇಂದ್ರದ ಹಳೆಯ ದೂರುಗಳು, ಹಳೆಯ ತಪಾಸಣೆಗಳು, ಹಿಂದೆ ಬರೆದಿದ್ದ ತಪ್ಪುಗಳು ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟರು. ಬಿಡಿಬಿಡಿಯಾಗಿ ನೋಡಿದಾಗ 'ಸಣ್ಣ ನ್ಯೂನತೆ' ಅನಿಸುವಂಥವು. ಸಾಲಾಗಿ ಇಟ್ಟರೆ ಬರಲಿರುವ ಅನಾಹುತ ಮೊದಲೇ ಕಾಣುತ್ತಿತ್ತು. ಆ ಸಾಲು ಜೋಡಿಸಲು ಬೇಕಾದ ಕಾಗದ ಪೂರ್ತಿ ಸರ್ಕಾರದ ಹತ್ತಿರವೇ ಇತ್ತು. ಆ ಕೇಂದ್ರ ಆಮೇಲೆ ಮುಚ್ಚಿತು.

ಮುಚ್ಚಿದ ಮೇಲೆ ಮಕ್ಕಳು ಎಲ್ಲಿಗೆ?

ಇಲ್ಲಿಂದ ಮುಂದೆ ಪ್ರಕರಣ ಸುಲಭ ಅಲ್ಲ. ವಿಶೇಷ ನಿಗಾ ಬಂದ ಮೇಲೆ ಕೆಲವು ಕೇಂದ್ರಗಳನ್ನು ಸರ್ಕಾರ ಮುಚ್ಚಿಸಿತು. ಕೆಲವು ತಾವೇ ಬಾಗಿಲು ಹಾಕಿಕೊಂಡವು. ಹಾಸಿಗೆಗಳು ಕಡಿಮೆಯಾದವು. 2021ರ ಹೊತ್ತಿಗೆ ನೂರಾರು ಮಕ್ಕಳಿಗೆ ಮಲಗಲು ಜಾಗವೇ ಇರಲಿಲ್ಲ. ಇಲಾಖೆಯ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ, ಬಾಡಿಗೆ ಮನೆಗಳಲ್ಲಿ ಮಲಗಿದರು. ಹಗಲು ಕೆಲಸ ಮಾಡಿದ ಕೇಸ್‌ವರ್ಕರ್‌ಗಳೇ ರಾತ್ರಿ ಅಲ್ಲಿ ಕಾವಲು ಕೂರಬೇಕಾಯಿತು. ಮಕ್ಕಳನ್ನು ಕಚೇರಿಯಲ್ಲಿ ಮಲಗಿಸಬಾರದು ಅಂತ ಅದೇ ವರ್ಷ ಕಾನೂನೂ ಆಯಿತು. ಕಾನೂನಿನಿಂದ ಹಾಸಿಗೆ ಹುಟ್ಟುವುದಿಲ್ಲವಲ್ಲ. ಮಕ್ಕಳು ಕಚೇರಿಯಿಂದ ಹೋಟೆಲಿಗೆ ಹೋದರು.

ರಾಜ್ಯದ ವಾದ ಇದು: ನಿಗಾ ಅತಿಯಾಯಿತು, ಅದಕ್ಕೇ ಜಾಗ ಹೋಯಿತು. ಈ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಹೋಟೆಲ್ ಕೋಣೆಯಲ್ಲಿ ಗುರುತಿಲ್ಲದ ಸಿಬ್ಬಂದಿಯ ನಡುವೆ ಮಲಗುವ ಹುಡುಗನಿಗೆ ನಿಗಾ ವರದಿಯ ಪುಟಗಳು ಹೊದಿಕೆ ಆಗುವುದಿಲ್ಲ. ಆದರೂ ನನಗೆ ರಾಜ್ಯದ ತೀರ್ಮಾನ ಒಪ್ಪಿಗೆ ಇಲ್ಲ. ಮಕ್ಕಳಿಗೆ ಪೆಟ್ಟು ಬೀಳುವ ಹಾಸಿಗೆಯನ್ನು ಹಾಸಿಗೆ ಅಂತ ಎಣಿಸಿಕೊಂಡು ಬಂದದ್ದೇ ಮೂಲ ತಪ್ಪು. ನಿಗಾ ಬಂದು ಆ ಲೆಕ್ಕವನ್ನು ಸರಿಪಡಿಸಿತು. ಹೊಸ ಒಳ್ಳೆಯ ಮನೆಗಳನ್ನು ಹುಡುಕುವುದು, ಸಂಬಂಧಿಕರಿಗೆ ಸರಿಯಾದ ಹಣ ಕೊಟ್ಟು ಮಗುವನ್ನು ಅವರ ಹತ್ತಿರ ಬಿಡುವುದು ರಾಜ್ಯದ ಕೆಲಸ. ಅದು ಮಾನಿಟರ್‌ಗಳ ಕೈಯಲ್ಲಿ ಆಗುವುದಲ್ಲ. ನೋಡುವವನಿಗೆ ಕಟ್ಟುವ ಅಧಿಕಾರ ಇಲ್ಲ. ಕಟ್ಟಬೇಕಾದವರು ನಿಧಾನ ಮಾಡಿದರೆ ನಡುವೆ ಸಿಕ್ಕಿಕೊಳ್ಳುವುದು ಮಕ್ಕಳು. ಸ್ವತಂತ್ರ ನಿಗಾದ ಬಗ್ಗೆ ಉತ್ಸಾಹದಿಂದ ಮಾತಾಡುವ ನನ್ನಂಥವರು ಈ ಭಾಗವನ್ನು ಬಿಟ್ಟು ಮಾತಾಡಬಾರದು.

ದುಡ್ಡಿನ ಜಗಳವೂ ಇತ್ತು. ಮಾನಿಟರ್‌ಗಳ ಖರ್ಚು ಪೂರ್ತಿ ರಾಜ್ಯವೇ ಕೊಡಬೇಕಿತ್ತು. ವರ್ಷ ಕಳೆದಂತೆ ಅದು ದೊಡ್ಡ ಮೊತ್ತವಾಯಿತು.

2024

2020ರ ಡಿಸೆಂಬರ್‌ನಲ್ಲಿ ಎರಡನೇ ಸಲ ನ್ಯಾಯಾಂಗ ನಿಂದನೆ. 2024ರ ಏಪ್ರಿಲ್ 15ಕ್ಕೆ ಮೂರನೆಯದು. ಈ ಸಲದ ಆದೇಶ 400 ಪುಟ ದಾಟಿತ್ತು. ವಿಷಯ ಸಣ್ಣ ಗುಂಪಿನದು: ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳು. ಇವರಿಗಾಗಿ ಇರುವ ಮನೆಗಳಲ್ಲಿ ದೂರು ಬಂದರೆ ತನಿಖೆ ಮಾಡುವ ಘಟಕವೇ ಬೇರೆ, ಅದು ಆರೋಗ್ಯ ಆಯೋಗದ ಕೈಕೆಳಗೆ. ಅಲ್ಲಿ ಒಬ್ಬ ಹುಡುಗಿಯ ಬಗ್ಗೆ ಒಂದರ ಹಿಂದೆ ಒಂದು 12 ತನಿಖೆಗಳು ತೆರೆದುಕೊಂಡವು. ಗಡುವುಗಳು ಮುಂದೆ ಹೋಗುತ್ತಲೇ ಇದ್ದವು. ತನಿಖೆ ಮುಗಿಯುವವರೆಗೆ ಹುಡುಗಿ ಅದೇ ಮನೆಯಲ್ಲೇ ಇದ್ದಳು. ಮಾತು ಸ್ಪಷ್ಟವಾಗಿ ಬರದ, ನಡೆದದ್ದನ್ನು ಸರಿಯಾಗಿ ವಿವರಿಸಲಾಗದ ಮಗುವಿನ ದೂರು ಮೊದಲ ವಾರದಲ್ಲೇ ಕೇಳಬೇಕಾದದ್ದು. ತಿಂಗಳುಗಳು ಕಳೆದರೆ ಗಾಯ ಮಾಯುತ್ತದೆ, ಸಾಕ್ಷಿಗಳು ಕೆಲಸ ಬಿಟ್ಟು ಹೋಗುತ್ತಾರೆ, ಮಗುವಿಗೆ ದಿನ ಯಾವುದು ಅಂತ ನೆನಪಿರುವುದಿಲ್ಲ.

ಜ್ಯಾಕ್ ಅವರು ಆಯೋಗದ ಮುಖ್ಯಸ್ಥೆಗೆ ದಿನಕ್ಕೆ 1,00,000 ಡಾಲರ್ ದಂಡ ವಿಧಿಸಿದರು. ಮೇಲ್ಮನವಿ ಕೋರ್ಟು ಕೂಡಲೇ ಅದನ್ನು ತಡೆಯಿತು. 2024ರ ಅಕ್ಟೋಬರ್ 11ಕ್ಕೆ ಆದೇಶವನ್ನೇ ರದ್ದು ಮಾಡಿತು. ಇಂಥ ದಂಡ ಹಾಕಲು ಬೇಕಾದ ಕಾನೂನು ಕ್ರಮ ಪಾಲಿಸಿಲ್ಲ, ರಾಜ್ಯ ಬಹುಮಟ್ಟಿಗೆ ಆದೇಶ ಪಾಲಿಸಿದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅಂತ ಹೇಳಿತು. ಜ್ಯಾಕ್ ಅವರು ರಾಜ್ಯದ ವಕೀಲರು, ಅಧಿಕಾರಿಗಳ ಜೊತೆ ಅಗೌರವದಿಂದ ನಡೆದುಕೊಂಡಿದ್ದಾರೆ ಅಂತ ಟೀಕಿಸಿ, ಕೇಸನ್ನು ಅವರ ಕೈಯಿಂದ ತೆಗೆದು ಬೇರೆ ನ್ಯಾಯಾಧೀಶರಿಗೆ ಕೊಡಲು ಆದೇಶಿಸಿತು.

ಅವರ ಮಾತು ಕಟುವಾಗಿತ್ತು ಅನ್ನುವುದು ನಿಜ. ಅಧಿಕಾರಿಗಳನ್ನು ತೆರೆದ ಕೋರ್ಟಿನಲ್ಲಿ ಗದರುತ್ತಿದ್ದರು. ಹದಿಮೂರು ವರ್ಷ ಅದೇ ಮಕ್ಕಳ ಕಡತ ಓದಿದವರಿಗೆ ಕೋಪ ಬಾರದೇ ಇರುವುದು ಕಷ್ಟ. ಆದರೆ ಆ ಕೋಪವೇ ಕೊನೆಗೆ ಎದುರು ಪಕ್ಷಕ್ಕೆ ದಾರಿ ಮಾಡಿಕೊಟ್ಟಿತು. ಇಡೀ ನಿಗಾ ಒಬ್ಬ ನ್ಯಾಯಾಧೀಶೆಯ ಕುರ್ಚಿಗೆ ಕಟ್ಟಿದ್ದರೆ ಆ ಕುರ್ಚಿ ಎಳೆದಾಗ ಎಲ್ಲವೂ ಅಲುಗಾಡುತ್ತದೆ. ಟೆಕ್ಸಸ್ ಶಾಸನ ಸಭೆ ಈ ಕೆಲಸಕ್ಕೆ ಇಲಾಖೆಯ ಹೊರಗೆ, ತನ್ನದೇ ಬಜೆಟ್ಟು ಇರುವ, ಕಡತ ತೆಗೆಸಿ ನೋಡುವ ಮತ್ತು ವರದಿ ಪ್ರಕಟಿಸುವ ಅಧಿಕಾರ ಇರುವ ಒಂದು ಕಚೇರಿ ಮಾಡಿದ್ದರೆ ಕೋರ್ಟಿನ ಮಾನಿಟರ್‌ಗಳ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ. ಕೆವಿನ್ ರಯನ್ ನ್ಯೂಜೆರ್ಸಿಯಲ್ಲಿ 2003ರಲ್ಲಿ ವಹಿಸಿಕೊಂಡ ಹುದ್ದೆ ಹೆಚ್ಚುಕಡಿಮೆ ಅಂಥದ್ದೇ.

ನಮ್ಮಲ್ಲಿ ಕಾಗದದ ಮೇಲೆ

ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಫಾಸ್ಟರ್ ಕೇರ್‌ಗೆ ಅವಕಾಶ ಕೊಡುತ್ತದೆ. ಆದರೂ ನಮ್ಮ ಬಹುತೇಕ ಮಕ್ಕಳು ಇರುವುದು ಬಾಲಮಂದಿರಗಳಲ್ಲಿ, ಸಂಸ್ಥೆಗಳಲ್ಲಿ. 54ನೇ ಕಲಂ ಪ್ರಕಾರ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆ ಹೋಗಿ ನೋಡಬೇಕು. ಮೂರಕ್ಕೆ ಕಡಿಮೆ ಇಲ್ಲದ ಜನ, ಅದರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯರು. ವಾರದೊಳಗೆ ವರದಿ. ವೈದ್ಯರು ಇರಲೇಬೇಕು ಅಂತ ಬರೆದವರಿಗೆ ಕೈ ಮುಗಿಯಬೇಕು. ಕಾಲು ನೋವು ಅಂದರೆ ಮುಟ್ಟಿ ನೋಡುವವರು ಅವರೇ. ಆದರೆ ಆ ವರದಿ ಹೋಗುವುದು ಜಿಲ್ಲಾಡಳಿತಕ್ಕೆ. ನಮ್ಮ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹ ನೆನಪಿದೆಯಲ್ಲ. ಅಲ್ಲಿಗೂ ಅಧಿಕಾರಿಗಳು ಹೋಗಿ ಬರುತ್ತಿದ್ದರು. ಹುಡುಗಿಯರ ಮೇಲೆ ಆಗುತ್ತಿದ್ದ ಲೈಂಗಿಕ ದೌರ್ಜನ್ಯ ಹೊರಗೆ ಬಂದದ್ದು 2018ರಲ್ಲಿ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಕೋಶಿಶ್' ತಂಡ ಬಿಹಾರದ ಸುಮಾರು 110 ಸಂಸ್ಥೆಗಳ ಸಾಮಾಜಿಕ ಪರಿಶೋಧನೆ ಮಾಡಿದಾಗ. ಅವರು ಮಾಡಿದ ದೊಡ್ಡ ಕೆಲಸ ಅಂದರೆ ಮಕ್ಕಳ ಜೊತೆ ಕೂತು ಮಾತಾಡಲು ಸಮಯ ಕೊಟ್ಟದ್ದು. 2020ರ ಫೆಬ್ರವರಿಯಲ್ಲಿ ದೆಹಲಿ ಕೋರ್ಟು ಮುಖ್ಯ ಆರೋಪಿಗೆ ಜೀವನಪೂರ್ತಿ ಜೈಲು ಶಿಕ್ಷೆ ಕೊಟ್ಟಿತು. ಟೆಕ್ಸಸ್‌ನ ಹುಡುಗಿ ವಾಲಿಸ್‌ನಲ್ಲಿ ಕುಸಿದು ಬಿದ್ದದ್ದೂ ಅದೇ ತಿಂಗಳು.

ಕೇಸು ಜ್ಯಾಕ್ ಅವರ ಕೈ ಬಿಟ್ಟು ಹೋದರೂ 14ರಿಂದ 17 ಮಕ್ಕಳ ಅಳತೆ, ರಾತ್ರಿ ಎಚ್ಚರ, ವಿಶೇಷ ನಿಗಾ ಇವುಗಳನ್ನು ಮೇಲ್ಮನವಿ ಕೋರ್ಟು ಆ ತೀರ್ಪಿನಲ್ಲಿ ತೆಗೆದುಹಾಕಲಿಲ್ಲ. ಮಾನಿಟರ್‌ಗಳ ವರದಿಗಳೂ ಕೋರ್ಟಿನ ದಾಖಲೆ ಸೇರಿವೆ. ಹುಡುಗಿಯ ಹೆಸರಿನ ಜಾಗದಲ್ಲಿ ಎರಡು ಅಕ್ಷರ. ಅದರ ಕೆಳಗೆ ಯಾವಾಗ ಯಾರ ಹತ್ತಿರ ಕಾಲು ನೋವು ಅಂದಳು, ಕೇಳಿದವರು ಏನು ಮಾಡಿದರು ಅನ್ನುವುದೆಲ್ಲ ಇದೆ.